ನಾಯಿಯ ಸ್ಪ್ಲೀನ್ ಸ್ಲೈಡಿನಲ್ಲಿ ಫಂಗಸ್ಸಿನಂಥ ಎಳೆಗಳು: ನನ್ನ ಅನುಭವ

ವಯಸ್ಸಾದ ನಾಯಿಯೊಂದರ ಸ್ಪ್ಲೀನ್ (ಗುಲ್ಮ) ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆ. ಹೊರಪೊರೆಯ ಹತ್ತಿರ ಹಳದಿ, ಕಂದು, ನೇರಳೆ ಬಣ್ಣದ ದಪ್ಪ ಎಳೆಗಳು. ಬಿದಿರಿನ ಹಾಗೆ ಗಿಣ್ಣು ಗಿಣ್ಣು. ನೋಡಿದ ಕೂಡಲೇ ಫಂಗಸ್ ಅನಿಸುತ್ತದೆ, ಅಲ್ವಾ?

ಆದರೆ ಬಹುತೇಕ ಫಂಗಸ್‌ಗಳ ಎಳೆಯ ಅಗಲ ಹೆಚ್ಚುಕಡಿಮೆ ಒಂದೇ ಇರುತ್ತದೆ, ಬಣ್ಣವೂ ಇಷ್ಟು ಬಗೆಬಗೆಯಾಗಿರುವುದಿಲ್ಲ. ಸುತ್ತ ಫಂಗಸ್ಸಿಗೆ ತಕ್ಕಂಥ ಉರಿಯೂತವೂ ಇರಲಿಲ್ಲ. ಹಾಗಾಗಿ ವಿಶೇಷ ಸ್ಟೇನ್ (ಒಂದೊಂದು ವಸ್ತುವನ್ನು ಗುರುತಿಸುವ ಬಣ್ಣ) ಮಾಡಿಸಿದೆ. ಪರ್ಲ್ಸ್ ಸ್ಟೇನಿನಲ್ಲಿ ನೀಲಿ ಬಂತು, ಅಂದರೆ ಕಬ್ಬಿಣ. ವಾನ್ ಕೊಸ್ಸಾದಲ್ಲಿ ಕಪ್ಪು, ಅಂದರೆ ಕ್ಯಾಲ್ಸಿಯಂ ಲವಣ. ಫಂಗಸ್ಸಿನ ಗೋಡೆಗೆ ಬಣ್ಣ ಕೊಡುವ ಪಿಎಎಸ್ ಸ್ಟೇನಿನಲ್ಲಿ ಅಂಥ ಗೋಡೆ ಎಲ್ಲೂ ಕಾಣಲಿಲ್ಲ. ಪರ್ಲ್ಸ್ ಮಾಡುವಾಗ ಲೋಹದ ಚಿಮಟ ಬೇಡ, ಡಿಸ್ಟಿಲ್ಡ್ ನೀರನ್ನೇ ಬಳಸಿ. ಹೊರಗಿನ ಕಬ್ಬಿಣ ಸೇರಿದರೆ ಸುಮ್ನೆ ನೀಲಿ ಬರುತ್ತದೆ. ಪಕ್ಕದಲ್ಲಿ ಕಂಟ್ರೋಲ್ ಸ್ಲೈಡ್ (ಕಬ್ಬಿಣ ಇದೆ ಎಂದು ಮೊದಲೇ ಗೊತ್ತಿರುವ, ಹೋಲಿಸಿ ನೋಡುವ ಸ್ಲೈಡ್) ಇಡಲೇಬೇಕು.

ಇವು ಗಾಮ್ನಾ-ಗ್ಯಾಂಡಿ ಬಾಡಿಗಳು. ಹಿಂದೆ ರಕ್ತ ಸೋರಿದ ಜಾಗದಲ್ಲಿ ನಾರಿನ ಮೇಲೆ ಕಬ್ಬಿಣ, ಕ್ಯಾಲ್ಸಿಯಂ ಕೂತು ಆಗುತ್ತವೆ. ಮುದಿ ನಾಯಿಗಳಲ್ಲಿ ಜಾಸ್ತಿ. ಬರಿಗಣ್ಣಿಗೆ ಸ್ಪ್ಲೀನಿನ ಅಂಚಿನಲ್ಲಿ ಬೂದು-ಹಳದಿ ಒಣ ಹಕ್ಕಳೆಯಂತೆ ಕಾಣುತ್ತವೆ. ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ರಿಪೋರ್ಟಿನಲ್ಲಿ ಸಿಡರಾಟಿಕ್ ಪ್ಲಾಕ್ (ಕಬ್ಬಿಣ ಕೂತ ಹಕ್ಕಳೆ) ಎಂದು ಬರೆದೆ. ಫಂಗಸ್ಸಿನ ಔಷಧಿ ಬೇಕಾಗಲಿಲ್ಲ.