ಬೆನ್ನು ಸೊಟ್ಟಗಿರುವ ಮೀನನ್ನು ಸಾಕುವುದು ಹೇಗೆ?

ಗಪ್ಪಿ ಅಂದರೆ ಮೊಟ್ಟೆ ಇಡದೆ ಮರಿಯನ್ನೇ ಹಾಕುವ ಪುಟ್ಟ ಅಲಂಕಾರಿಕ ಮೀನು. ಅದನ್ನು ಸಾಕುವವರ ಮನೆಯಲ್ಲಿ ಇವತ್ತಲ್ಲ ನಾಳೆ ಇದು ಎದುರಾಗುತ್ತದೆ. ಇಪ್ಪತ್ತು ಮೂವತ್ತು ಮರಿಗಳ ನಡುವೆ ಒಂದರ ಬೆನ್ನು ಸೊಟ್ಟಗಿರುತ್ತದೆ. ಇನ್ನೊಂದಕ್ಕೆ ಒಂದು ಕಣ್ಣೇ ಇರುವುದಿಲ್ಲ. ಮತ್ತೊಂದು ಮೇಲೇಳಲಾರದೆ ತಳದಲ್ಲೇ ತೆವಳುತ್ತಿರುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ತೆಗೆದು ಬಿಸಾಕಿ ಸಾರ್, ಅದು ಉಳಿಯಲ್ಲ’ ಅನ್ನುತ್ತಾರೆ. ಅಷ್ಟು ಅವಸರ ಬೇಡ. ಬಾಯಿಗೆ ಊಟ ಸೇರುತ್ತಿದ್ದರೆ, ಉಸಿರಾಟ ಸಲೀಸಾಗಿದ್ದರೆ, ಸೊಟ್ಟ ಬೆನ್ನಿನ ಮೀನೂ ಆರಾಮಾಗಿ ಬದುಕಬಲ್ಲದು. ಟ್ಯಾಂಕನ್ನು ಅದರ ಮೈಗೆ ತಕ್ಕಂತೆ ಬದಲಿಸಿಕೊಡುವ ಕೆಲಸ ಮಾತ್ರ ನಮ್ಮದು.

ಹುಟ್ಟಿನದೋ, ಕಾಯಿಲೆಯೋ?

ಮೊದಲು ಇದನ್ನು ತಿಳಿದುಕೊಳ್ಳಬೇಕು. ಮರಿಯಾಗಿದ್ದಾಗಿನಿಂದಲೇ ಬೆನ್ನು ಸೊಟ್ಟಗಿದ್ದು, ತಿಂದುಕೊಂಡು ಓಡಾಡಿಕೊಂಡಿದ್ದರೆ ಅದು ಹುಟ್ಟಿನಿಂದ ಬಂದ ಊನ. ಬೇರೆ ಮೀನಿಗೆ ಅಂಟುವುದಿಲ್ಲ. ವಯಸ್ಸಾದ ಗಪ್ಪಿಯ ಬೆನ್ನು ನಿಧಾನವಾಗಿ ಬಾಗುವುದೂ ಉಂಟು. ಆದರೆ ನೆಟ್ಟಗಿದ್ದ ಮೀನು ಕೆಲವೇ ವಾರಗಳಲ್ಲಿ ಬಾಗಿ, ಹೊಟ್ಟೆ ಒಳಕ್ಕೆ ಹೋಗಿ, ಬಣ್ಣ ಮಂಕಾಗಿ, ಮೈಮೇಲೆ ಹುಣ್ಣು ಕಾಣಿಸಿಕೊಂಡರೆ ಅದು ಮೀನಿನ ಟಿ.ಬಿ. ಇರಬಹುದು. ತಕ್ಷಣ ಬೇರೆ ಟ್ಯಾಂಕಿಗೆ ಹಾಕಿ. ಬಲೆ, ಪೈಪು ಎಲ್ಲವನ್ನೂ ಅದಕ್ಕೇ ಅಂತ ಪ್ರತ್ಯೇಕ ಇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಕಾಯಿಲೆ ತರುವ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಅಂಟುತ್ತದೆ. ಕೈಯಲ್ಲಿ ಗಾಯ ಇದ್ದಾಗ ಟ್ಯಾಂಕಿಗೆ ಕೈ ಹಾಕಬೇಡಿ. ಪೈಪನ್ನು ಬಾಯಿಂದ ಎಳೆದು ನೀರು ತೆಗೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬೆರಳಿನ ಮೇಲೆ ವಾರಗಟ್ಟಲೆ ವಾಸಿಯಾಗದ ಗಂಟು ಎದ್ದರೆ, ಮನೆಯಲ್ಲಿ ಮೀನು ಸಾಕಿದ್ದೇವೆ ಅಂತ ಡಾಕ್ಟರಿಗೆ ಹೇಳಲೇಬೇಕು.

ಊನ ಯಾಕೆ ಬರುತ್ತದೆ?

ಮನೆಯ ಹಿರಿಯರು ಗ್ರಹಣದ ಮಾತು ಎತ್ತಬಹುದು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಪ್ಪಿಯಲ್ಲಿ ದೊಡ್ಡ ಕಾರಣವೆಂದರೆ ಒಂದೇ ಟ್ಯಾಂಕಿನ ಅಣ್ಣ ತಂಗಿಯರೇ ತಲೆಮಾರುಗಟ್ಟಲೆ ಕೂಡುವುದು. ಮೊಟ್ಟೆ ಇಡುವ ಮೀನುಗಳಲ್ಲಿ, ಮೊಟ್ಟೆ ಬೆಳೆಯುವಾಗ ನೀರಿನ ಬಿಸಿ ಏರುಪೇರಾದರೂ ಹೀಗಾಗುತ್ತದೆ. ಊಟದಲ್ಲಿ ವಿಟಮಿನ್ ಸಿ ಕಡಿಮೆಯಾದರೆ ಮರಿಗಳ ಬೆನ್ನೆಲುಬು, ಕಿವಿರಿನ ಮುಚ್ಚಳ ಸರಿಯಾಗಿ ಬೆಳೆಯುವುದಿಲ್ಲ. ದೊಡ್ಡ ಡಬ್ಬದಿಂದ ಪ್ಲಾಸ್ಟಿಕ್ ಕವರಿಗೆ ಸುರಿದು ಮಾರುವ ಬಿಡಿ ಫುಡ್‌ನಲ್ಲಿ ಆ ವಿಟಮಿನ್ ಎಷ್ಟು ಉಳಿದಿರುತ್ತದೋ ಯಾರು ಬಲ್ಲರು? ಸೀಲ್ ಇರುವ ಚಿಕ್ಕ ಪ್ಯಾಕೆಟ್ ತಂದು 2–3 ತಿಂಗಳಲ್ಲಿ ಮುಗಿಸುವುದು ವಾಸಿ.

ತಳದಲ್ಲಿ ತೆವಳುವ ಮರಿಯ ಕಥೆ ಬೇರೆ. ಮೈಯನ್ನು ತೇಲಿಸುವ ಅದರ ಗಾಳಿಚೀಲ ತುಂಬಿರುವುದಿಲ್ಲ. ಎಷ್ಟೋ ಜಾತಿಯ ಮರಿಗಳು ಮೊದಲ ದಿನಗಳಲ್ಲಿ ನೀರಿನ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಆ ಚೀಲ ತುಂಬಿಸಿಕೊಳ್ಳುತ್ತವೆ. ನೀರಿನ ಮೇಲೆ ಎಣ್ಣೆ ಪದರ ಕಟ್ಟಿದ್ದರೆ ಆಗುವುದಿಲ್ಲ. ಒಂದು ಹಾಳೆ ಟಿಶ್ಯೂ ಪೇಪರನ್ನು ನೀರಿನ ಮೇಲೆ ಹಾಸಿ ಎತ್ತಿದರೆ ಪದರ ಅದಕ್ಕೆ ಅಂಟಿಕೊಂಡು ಬರುತ್ತದೆ. ಮರಿ ಬಂದ ವಾರ ದಿನವೂ ಹೀಗೆ ಮಾಡಿ.

ಟ್ಯಾಂಕ್ ಹೊಂದಿಸುವುದು

ಊನವಿರುವ ಮೀನಿಗೆ ಆಳ ಶತ್ರು. ಸೊಟ್ಟ ಬೆನ್ನಿನ ಮೀನು ಮೇಲೆ ಕೆಳಗೆ ಹೋಗಿಬರಲು ಜಾಸ್ತಿ ಶಕ್ತಿ ಸುರಿಯಬೇಕು. ನೀರನ್ನು 15–20 ಸೆಂಟಿಮೀಟರಿಗೆ ಇಳಿಸಿ. ಫೈಟರ್ ಮೀನಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಅದು ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಅಗಲ ಎಲೆಯ ಗಿಡವೊಂದು ಇರಲಿ. ಅದರ ಮೇಲೆ ಒರಗಿ ಸುಧಾರಿಸಿಕೊಳ್ಳುತ್ತದೆ.

ಮೋಟರ್ ಫಿಲ್ಟರ್ ತೆಗೆದು ಸ್ಪಂಜ್ ಫಿಲ್ಟರ್ ಹಾಕಿ. ರಭಸದ ನೀರಿಗೆ ಎದುರಾಗಿ ಈಜುವ ತಾಕತ್ತು ಈ ಮೀನಿಗಿಲ್ಲ. ಚೂಪು ಕಲ್ಲು, ಪ್ಲಾಸ್ಟಿಕ್ ಗಿಡ ಬೇಡ. ತಳದಲ್ಲಿ ಉಜ್ಜಿಕೊಂಡು ಓಡಾಡುವ ಮೀನಿಗೆ ಬರಿಯ ಗಾಜಿನ ತಳವೇ ಒಳ್ಳೆಯದು. ಹೊಟ್ಟೆಯ ಚರ್ಮ ಕೆಂಪಾಗಿದೆಯಾ ಅಂತ ಆಗಾಗ ನೋಡಿ. ರಸ್ತೆ ಬದಿಯ ಬಾದಾಮಿ ಮರದ ಒಣಗಿ ಉದುರಿದ ಎಲೆಯನ್ನು ತೊಳೆದು ಒಂದೆರಡು ಹಾಕಿದರೆ ಮರೆಯೂ ಆಗುತ್ತದೆ.

ಇನ್ನು ನಮ್ಮ ಕೋಲಾರದ ನೀರು. ಬೋರ್‌ವೆಲ್ ನೀರು ಗಡಸು, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವುದು ಎಲ್ಲರಿಗೂ ಗೊತ್ತಲ್ವಾ? ಗಪ್ಪಿಗೂ, ಅದರ ಸಂಬಂಧಿ ಮೋಲಿ ಮೀನಿಗೂ ಅದೇ ಇಷ್ಟ. ಆದರೆ ‘ಪಾಪ, ಊನ ಇರುವ ಮೀನು, ಒಳ್ಳೆ ನೀರು ಕೊಡೋಣ’ ಅಂತ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ ಕ್ಯಾನನ್ನೇ ಸುರಿಯುವವರಿದ್ದಾರೆ. ಅದರಲ್ಲಿ ಬಹುಪಾಲು ಲವಣಗಳು ಹೋಗಿರುತ್ತವೆ. ಬರೀ ಅದೇ ನೀರಾದರೆ ಪಿಹೆಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಒಂದೇ ಕಡೆ ನಿಲ್ಲುವುದಿಲ್ಲ, ಮೀನು ಬಳಲುತ್ತದೆ. ನಗರಸಭೆಯ ಕೊಳಾಯಿ ನೀರಾದರೆ ಬಾಯಿ ಅಗಲದ ಬಕೆಟ್‌ನಲ್ಲಿ ಹಿಡಿದು 24 ಗಂಟೆ ಬಿಡಿ, ಇಲ್ಲವೇ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಟ್ಯಾಂಕರ್ ನೀರು ಲೋಡಿನಿಂದ ಲೋಡಿಗೆ ಬೇರೆಯಾಗಬಹುದು. ಹಾಗಾಗಿ ಯಾವತ್ತೂ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಒಂದೇ ಸಲ ಬದಲಿಸಬೇಡಿ, ವಾರಕ್ಕೆ ಎರಡು ಸಲ ಬೇಕಾದರೆ ಮಾಡಿ.

ಕಿವಿರಿನ ಮುಚ್ಚಳ ಗಿಡ್ಡವಿರುವ ಮೀನಿಗೆ ನೀರು ಸ್ವಚ್ಛವಿರುವುದೇ ಔಷಧಿ. ಪಕ್ಕದಿಂದ ನೋಡಿದರೆ ಕೆಂಪು ಕಿವಿರು ಹೊರಗೇ ಕಾಣುತ್ತಿರುತ್ತದೆ. ಒಳಗೆ ಅಡಗಿರಬೇಕಾದ ಭಾಗ ಅದು. ಮೀನಿನ ಹೊಲಸು, ಮಿಕ್ಕ ಊಟದಿಂದ ನೀರಿಗೆ ಸೇರುವ ಅಮೋನಿಯಾ ಎಂಬ ವಿಷ ಸ್ವಲ್ಪ ಏರಿದರೂ ಮೊದಲು ಒದ್ದಾಡುವುದು ಇದೇ ಮೀನು. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಡಿಸೆಂಬರ್, ಜನವರಿಯ ಚಳಿಗೆ ಹೀಟರ್ ಹಾಕಿ 25–26 ಡಿಗ್ರಿಯಲ್ಲಿ ನಿಲ್ಲಿಸಿ.

ಊಟ ಹಾಕುವುದು

ಇದೇ ನಿಧಾನದ ಕೆಲಸ, ನನಗೆ ಇಷ್ಟವಾದ ಕೆಲಸವೂ ಹೌದು. ಸೊಟ್ಟ ಬೆನ್ನಿನ ಗಪ್ಪಿ ತಿನ್ನುವುದನ್ನು ಹತ್ತಿರದಿಂದ ನೋಡಿ. ಅದು ಚೂರಿಗೆ ಗುರಿಯಿಟ್ಟು ಬರುತ್ತದೆ, ಬಾಲದ ಒಂದು ಬೀಸಿಗೆ ಮೈ ಪಕ್ಕಕ್ಕೆ ವಾಲುತ್ತದೆ, ಬಾಯಿ ತಪ್ಪುತ್ತದೆ. ತಿರುಗಿ ಬರುವಷ್ಟರಲ್ಲಿ ಬೇರೆ ಮೀನು ನುಂಗಿಯಾಗಿರುತ್ತದೆ. ಹೀಗಾಗಿ ಎಲ್ಲರ ಜೊತೆ ಊಟ ಹಾಕಿದರೆ ಇದು ಹಸಿದೇ ಇರುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ಡ್ರಾಪರ್ ತನ್ನಿ. ಫುಡ್ಡನ್ನು ಬೆರಳಲ್ಲಿ ಪುಡಿ ಮಾಡಿ, ಟ್ಯಾಂಕಿನದೇ ನೀರಲ್ಲಿ ಎರಡು ನಿಮಿಷ ನೆನೆಸಿ, ಡ್ರಾಪರ್‌ನಲ್ಲಿ ಎಳೆದು ಮೀನಿನ ಬಾಯಿಯ ಮುಂದೆ ಮೆಲ್ಲಗೆ ಬಿಡಿ. ಮೊದಮೊದಲು ಹೆದರಿ ಓಡುತ್ತದೆ. ಆಮೇಲೆ ಡ್ರಾಪರ್ ಕಂಡರೆ ತಾನೇ ಬರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಚೂರುಚೂರು ಕೊಡಿ. ಬಾಯಿ ಸೊಟ್ಟಗಿರುವ ಮೀನಿಗೆ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ ಒಳ್ಳೆಯದು, ಅಗಿಯುವ ಕಷ್ಟವಿಲ್ಲ. ಒಂದು ಕಣ್ಣಿನ ಮೀನಿಗೆ ಕಣ್ಣಿರುವ ಕಡೆಯಿಂದ ಹಾಕಿ. ಮಿಕ್ಕಿದ್ದನ್ನು ಹತ್ತು ನಿಮಿಷದಲ್ಲಿ ತೆಗೆದುಬಿಡಿ.

ಜೊತೆಗಾರರು, ಮರಿಗಳು

ಟೈಗರ್ ಬಾರ್ಬ್‌ನಂಥ ರೆಕ್ಕೆ ಕಚ್ಚುವ ಮೀನು ಹತ್ತಿರವೂ ಬೇಡ. ಊನವಿರುವ ಎರಡು ಮೂರು ಗಪ್ಪಿಗಳೇ ಒಟ್ಟಿಗಿದ್ದರೆ ಸಾಕು. ಹೆಣ್ಣಾದರೆ ಗಂಡುಗಳಿಂದ ಚಿಕ್ಕದಿರುವಾಗಲೇ ಬೇರೆ ಮಾಡಿ. ಬಾಗಿದ ಮೈಯಲ್ಲಿ ಮರಿಗೆ ಜಾಗ ಸಾಲದೆ ಹೆರಿಗೆಯಲ್ಲೇ ಸಾಯಬಹುದು. ಗಂಡಾದರೂ ಅದರಿಂದ ಮರಿ ಮಾಡಿಸಬೇಡಿ, ಊನ ಮುಂದಿನ ತಲೆಮಾರಿಗೂ ಹೋಗಬಹುದು. ಗಪ್ಪಿ ಹೆಣ್ಣು ಒಮ್ಮೆ ಕೂಡಿದರೆ ತಿಂಗಳುಗಟ್ಟಲೆ ವೀರ್ಯ ಇಟ್ಟುಕೊಂಡು ಮರಿ ಹಾಕುತ್ತಲೇ ಇರುತ್ತದೆ, ಇದೂ ನೆನಪಿರಲಿ. ಅಣ್ಣ ತಂಗಿಯರೇ ಕೂಡುತ್ತಾ ಹೋಗದಂತೆ ಉಳಿದ ಟ್ಯಾಂಕಿಗೆ ಬೇರೆ ಕಡೆಯಿಂದ ಹೊಸ ಜೋಡಿ ತಂದು ಸೇರಿಸಿ.

ಅಂಗಡಿಯಲ್ಲಿ ಕಾಸು ಕೊಟ್ಟು ತರುವ ಬಲೂನ್ ಮೋಲಿಯದೂ ಬೆನ್ನೆಲುಬಿನ ಊನವೇ. ಬ್ಲಡ್ ಪ್ಯಾರಟ್ ಫಿಶ್‌ಗೆ ಬಾಯಿ ಪೂರ್ತಿ ಮುಚ್ಚಲು ಬರುವುದಿಲ್ಲ. ಅವನ್ನು ಮನುಷ್ಯರೇ ಹಾಗೆ ಬೆಳೆಸಿದ್ದು. ತಂದಾಗಿದ್ದರೆ ಇದೇ ಆರೈಕೆ ಮಾಡಿ. ಇನ್ನೂ ತಂದಿಲ್ಲದಿದ್ದರೆ, ತರಬೇಡಿ ಎನ್ನುವುದೇ ನನ್ನ ಸಲಹೆ.

ಉಳಿಸಿಕೊಳ್ಳಲು ಆಗದಿದ್ದರೆ

ಎರಡು ಮೂರು ವಾರ ಸಮಯ ಕೊಡಿ. ಅಷ್ಟಾದರೂ ತಿನ್ನಲು ಆಗುತ್ತಿಲ್ಲ, ಪಕ್ಕಕ್ಕೆ ಬಿದ್ದು ಏದುಸಿರು ಬಿಡುತ್ತಿದೆ, ಮೈ ಕರಗುತ್ತಿದೆ ಎಂದರೆ ನರಳಲು ಬಿಡಬಾರದು. ಲವಂಗದ ಎಣ್ಣೆಯ ಕೆಲವು ಹನಿಯನ್ನು ಬಾಟಲಿಯಲ್ಲಿ ಟ್ಯಾಂಕಿನ ನೀರಿನ ಜೊತೆ ಬೆಳ್ಳಗಾಗುವಂತೆ ಕುಲುಕಿ, ಮೀನಿರುವ ಚಿಕ್ಕ ಡಬ್ಬಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ. ಮೀನು ಮೊದಲು ನಿದ್ದೆಗೆ ಜಾರುತ್ತದೆ. ಆಮೇಲೆ ಉಳಿದದ್ದನ್ನೂ ಸುರಿದು, ಕಿವಿರು ಆಡುವುದು ನಿಂತ ಮೇಲೂ ಅರ್ಧ ಗಂಟೆ ಹಾಗೇ ಬಿಡಿ. ಫ್ರಿಜ್ಜಿನಲ್ಲಿ ಇಡುವುದು, ಟಾಯ್ಲೆಟ್‌ಗೆ ಸುರಿಯುವುದು ಹಿಂಸೆ. ಬದುಕಿರುವ ಮೀನನ್ನು ಪುಣ್ಯ ಅಂತ ಕೋಲಾರಮ್ಮನ ಕೆರೆಗೋ ಅಂತರಗಂಗೆಯ ಕಲ್ಯಾಣಿಗೋ ಬಿಡುವುದೂ ಬೇಡ. ಅಲ್ಲಿ ಅದು ಹಸಿವಿನಿಂದ ಸಾಯಬಹುದು, ಟ್ಯಾಂಕಿನ ಕಾಯಿಲೆ ಅಲ್ಲಿನ ಮೀನುಗಳಿಗೆ ಹೋಗಬಹುದು. ಸತ್ತ ಮೀನನ್ನು ಹಿತ್ತಲಲ್ಲಿ ಬೆಕ್ಕು ಕೆದಕದಷ್ಟು ಆಳದಲ್ಲಿ ಹೂಳಿ, ಡಬ್ಬಿ ಡ್ರಾಪರ್ ತೊಳೆದು ಬಿಸಿಲಿಗೆ ಒಣಗಿಸಿ.