ಯೇಸು ಯಾರು ಅಂತ ತಿಳಿಯಬೇಕಾ? ಮಾರ್ಕನಿಂದ ಶುರು ಮಾಡಿ

ಯೇಸು ಒಬ್ಬ ಒಳ್ಳೆ ಗುರು, ಅಷ್ಟೇ ಅಲ್ವಾ ಅಂತ ನಮ್ಮ ಬಳ್ಳಾರಿಯಲ್ಲಿ ಎಷ್ಟೋ ಜನ ಕೇಳುತ್ತಾರೆ. ಕ್ರೈಸ್ತ ನಂಬಿಕೆ ಅಷ್ಟಕ್ಕೇ ನಿಲ್ಲೋದಿಲ್ಲ. ಮೊದಲು ಮಾರ್ಕನ ಸುವಾರ್ತೆ ಓದಿ. ಸುವಾರ್ತೆ ಅಂದರೆ ಯೇಸುವಿನ ಬದುಕು, ಬೋಧನೆ ಹೇಳುವ ಬೈಬಲಿನ ಪುಸ್ತಕ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಒಂದು ಮಧ್ಯಾಹ್ನ ಸಾಕು.

2ನೇ ಅಧ್ಯಾಯದಲ್ಲಿ ಸ್ವಲ್ಪ ನಿಲ್ಲಿ. ಮನೆ ತುಂಬ ಜನ, ಬಾಗಿಲ ಹತ್ತಿರವೂ ಜಾಗವಿಲ್ಲ. ಲಕ್ವಾ ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತಂದು, ಮೇಲೆ ಹತ್ತಿ, ಮಾಳಿಗೆ ಅಗೆದು, ಹಾಸಿಗೆ ಸಮೇತ ಕೆಳಗೆ ಇಳಿಸುತ್ತಾರೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಕಂಡವರಿಗೆ ಇದು ಕಣ್ಣಿಗೆ ಕಟ್ಟುತ್ತೆ. ಯೇಸು ಮೊದಲು ಹೇಳೋದು ಎದ್ದು ನಡಿ ಅಂತಲ್ಲ, ನಿನ್ನ ಪಾಪಗಳಿಗೆ ಕ್ಷಮೆ ಸಿಕ್ಕಿದೆ ಅಂತ. ಅಲ್ಲಿದ್ದ ಶಾಸ್ತ್ರಿಗಳಿಗೆ, ಅಂದರೆ ಯೆಹೂದಿ ಧರ್ಮಶಾಸ್ತ್ರ ಕಲಿಸುವವರಿಗೆ, ಒಳಗೊಳಗೇ ಕಸಿವಿಸಿ: ಪಾಪ ಕ್ಷಮಿಸೋದು ದೇವರೊಬ್ಬರಿಂದಲೇ ಸಾಧ್ಯ, ಇವನ್ಯಾರು? ನನ್ನ ಪ್ರಕಾರ ಇಡೀ ಪುಸ್ತಕದ ಅತಿ ಮುಖ್ಯ ಪ್ರಶ್ನೆ ಅದೇ.

4ನೇ ಅಧ್ಯಾಯದಲ್ಲಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ ಅದೇ ಯೇಸು ಎದ್ದು ಬಿರುಗಾಳಿಯನ್ನು ಗದರುತ್ತಾರೆ, ಗಾಳಿ ನಿಲ್ಲುತ್ತೆ. ನಿದ್ದೆ ಮನುಷ್ಯನದು, ಅಧಿಕಾರ ದೇವರದು. ಅರ್ಧ ಅದು ಅರ್ಧ ಇದು ಅಲ್ಲ, ಪೂರ್ತಿ ದೇವರು, ಪೂರ್ತಿ ಮನುಷ್ಯ ಅಂತ ಕ್ರಿ.ಶ. 451ರಲ್ಲಿ ಕಾಲ್ಸೆಡನ್‌ನಲ್ಲಿ ಸೇರಿದ ಚರ್ಚ್ ಮುಖಂಡರ ಮಹಾಸಭೆ ಹೇಳಿತು.

15, 16ನೇ ಅಧ್ಯಾಯ ಮಾತ್ರ ಬಿಡಬೇಡಿ. ಯೇಸುವಿನ ಶಿಲುಬೆಯ ಸಾವು, ಪುನರುತ್ಥಾನ (ಸತ್ತು ಮತ್ತೆ ಜೀವಂತವಾಗಿ ಎದ್ದದ್ದು) ಇಲ್ಲದೆ ಈ ನಂಬಿಕೆಯೇ ಇಲ್ಲ. ಅನುಮಾನ ಬಂದರೆ ಗುರುತು ಹಾಕಿಡಿ, ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತಿರದ ಚರ್ಚ್‌ನ ಪಾಸ್ಟರನ್ನೋ ಫಾದರನ್ನೋ ಸುಮ್ನೆ ಕೇಳಿ. ಆಮೇಲೆ ಯೋಹಾನನ ಸುವಾರ್ತೆಗೆ ಹೋಗಿ.