ರಾಜ್ಯದ ಸಾರಿಗೆಗೆ ಹಣ ತೊಡಗಿಸುವ ಮುನ್ನ ಮಾಡಬೇಕಾದ ಕೆಲಸಗಳು

ರಾಜ್ಯದ ಸಾರಿಗೆ ಯೋಜನೆಯನ್ನು ಸಿದ್ಧಪಡಿಸಲು ಕುಳಿತವರು ಹೊಸ ಹೆದ್ದಾರಿಗಳ ನಕ್ಷೆ ಬಿಡಿಸುವ ಮೊದಲು ಒಂದು ಲಾರಿಯನ್ನು ಹಿಂಬಾಲಿಸಬೇಕು. ಕಾರ್ಖಾನೆಯ ಗೇಟಿನಲ್ಲಿ ಸರಕು ತುಂಬಿದ ಹೊತ್ತಿನಿಂದ ಅದು ಬಂದರಿನಲ್ಲೋ ರೈಲು ನಿಲ್ದಾಣದಲ್ಲೋ ಇಳಿಯುವವರೆಗೆ, ಲಾರಿ ಎಲ್ಲೆಲ್ಲಿ ಎಷ್ಟು ನಿಮಿಷ ನಿಂತಿತು ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ರೈಲ್ವೆ ಗೇಟು, ಲಾರಿಯನ್ನು ತೂಗುವ ವೇಬ್ರಿಡ್ಜ್, ಭಾರ ತಾಳದ ಹಳೆಯ ಸೇತುವೆಯನ್ನು ತಪ್ಪಿಸಲು ಹಿಡಿದ ಸುತ್ತುದಾರಿ, ಬಂದರಿನ ಹೊರಗಿನ ಸರತಿ, ಎಲ್ಲವೂ ಆ ಪಟ್ಟಿಗೆ ಸೇರಬೇಕು. ಬೇರೆ ಬೇರೆ ಋತುಗಳಲ್ಲಿ, ಬೇರೆ ಬೇರೆ ಸರಕುಗಳಿಗೆ ಹೀಗೆ ಮಾಡಿದಾಗ ಹಣ ಎಲ್ಲಿಗೆ ಬೇಕು ಎಂಬುದು ಸ್ಪಷ್ಟವಾಗುತ್ತದೆ. ಸರಾಸರಿ ಸಮಯಕ್ಕಿಂತಲೂ ಅದರ ಏರುಪೇರನ್ನು ಹೆಚ್ಚು ಗಮನಿಸಬೇಕು. ಒಂದು ದಿನ ನಾಲ್ಕು ಗಂಟೆ, ಮರುದಿನ ಒಂಬತ್ತು ಗಂಟೆ ಹಿಡಿಯುವ ದಾರಿಯನ್ನು ನಂಬಿ ಯಾವ ಉದ್ಯಮಿಯೂ ತನ್ನ ದಾಸ್ತಾನನ್ನು ಕಡಿಮೆ ಮಾಡಲಾರ.

ಎರಡನೆಯದಾಗಿ, ಈಗಾಗಲೇ ಇರುವ ಆಸ್ತಿಯ ಲೆಕ್ಕ ತೆಗೆಯಬೇಕು. ನನ್ನ ಅಭಿಪ್ರಾಯದಲ್ಲಿ ಬಜೆಟ್‌ನ ಮೊದಲ ಪಾಲು ಇದಕ್ಕೇ ಮೀಸಲಾಗಬೇಕು. ಡಾಂಬರು ರಸ್ತೆಯ ದೊಡ್ಡ ಶತ್ರು ನೀರು. ಹೂಳು ತುಂಬಿದ ಮೋರಿಯ ಬಳಿ ಸ್ವಲ್ಪ ಹೊತ್ತು ನಿಂತರೆ ಇದು ಕಣ್ಣಿಗೇ ಕಾಣುತ್ತದೆ: ಹರಿದುಹೋಗಲು ದಾರಿಯಿಲ್ಲದ ನೀರು ರಸ್ತೆಯ ಅಂಚಿನಲ್ಲಿ ನಿಂತು, ಕೂದಲೆಳೆಯಂಥ ಬಿರುಕಿನೊಳಗೆ ಇಳಿದು, ಕೆಳಗಿನ ಜಲ್ಲಿಯ ಪದರವನ್ನು ಸಡಿಲಗೊಳಿಸುತ್ತದೆ, ಭಾರದ ಚಕ್ರ ಹಾದಾಗಲೆಲ್ಲ ಆ ಬಿರುಕಿನಿಂದ ಕೆಸರುನೀರು ಚಿಮ್ಮುತ್ತದೆ, ಕೊನೆಗೆ ಅಲ್ಲಿ ಗುಂಡಿ ಬೀಳುತ್ತದೆ. ಮೋರಿಯ ಹೂಳೆತ್ತಿ ಬಿರುಕು ಮುಚ್ಚುವ ಖರ್ಚು, ರಸ್ತೆಯನ್ನು ಬುಡದಿಂದ ಅಗೆದು ಕಟ್ಟುವ ಖರ್ಚಿನ ಸಣ್ಣ ತುಣುಕು ಮಾತ್ರ.

ಇದರ ಜೊತೆಗೇ ಅತಿಭಾರವನ್ನು ತಡೆಯಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ, ಆಕ್ಸಲ್, ಅಂದರೆ ಚಕ್ರಗಳನ್ನು ಜೋಡಿಸುವ ಅಚ್ಚಿನ, ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ ಎಂಬ ಅಂದಾಜು ರೂಪುಗೊಂಡಿತು. ಸೇತುವೆಗಳ ವಿಷಯದಲ್ಲಂತೂ ತುಕ್ಕು, ಬಿರುಕುಗಳನ್ನು ಹುಡುಕಿದರೆ ಸಾಲದು, ಅವುಗಳ ಮೇಲೆ ಇಂದು ಬೀಳುತ್ತಿರುವ ಭಾರವನ್ನು ಹೊಸದಾಗಿ ಲೆಕ್ಕಹಾಕಬೇಕು. 2007ರ ಆಗಸ್ಟ್ 1ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಕುಸಿದು 13 ಜನರ ಜೀವ ತೆಗೆದ ಸೇತುವೆಯಲ್ಲಿ, ಉಕ್ಕಿನ ತೊಲೆಗಳನ್ನು ಬೆಸೆಯುವ ತಗಡುಗಳು ಮೂಲ ವಿನ್ಯಾಸದಲ್ಲೇ ಬೇಕಾದಷ್ಟು ದಪ್ಪವಿರಲಿಲ್ಲ. ವರ್ಷಗಳು ಕಳೆದಂತೆ ಸೇತುವೆಯ ತೂಕ ಹೆಚ್ಚಿತ್ತು, ಆ ದಿನ ದುರಸ್ತಿಯ ಸಾಮಗ್ರಿಯೂ ಅದರ ಮೇಲಿತ್ತು.

ಹೊಸ ಕಾಮಗಾರಿಯೇ ಬೇಕೆಂದು ನಿರ್ಧಾರವಾದರೆ, ಅದರ ಅಂದಾಜು ವೆಚ್ಚವನ್ನು ಹಾಗೆಯೇ ನಂಬಬಾರದು. ಡೆನ್ಮಾರ್ಕ್‌ನ ಸಂಶೋಧಕ ಬೆಂಟ್ ಫ್ಲೂಬಿಯರ್ ಮತ್ತು ಸಂಗಡಿಗರು 2002ರಲ್ಲಿ 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿದಾಗ, ರೈಲು ಯೋಜನೆಗಳು ಸರಾಸರಿ ಶೇ. 45ರಷ್ಟು, ಸೇತುವೆ ಮತ್ತು ಸುರಂಗಗಳು ಶೇ. 34ರಷ್ಟು, ರಸ್ತೆಗಳು ಶೇ. 20ರಷ್ಟು ಅಂದಾಜನ್ನು ಮೀರಿದ್ದವು. ಆದ್ದರಿಂದ ಅದೇ ಬಗೆಯ ಹಿಂದಿನ ಕಾಮಗಾರಿಗಳಿಗೆ ನಿಜವಾಗಿ ತಗುಲಿದ ವೆಚ್ಚವನ್ನು ಮುಂದಿಟ್ಟುಕೊಂಡೇ ಹಣ ತೆಗೆದಿಡಬೇಕು. ನಗರದೊಳಗೆ ಪಥಗಳನ್ನು ಹೆಚ್ಚಿಸಿದರೆ ದಟ್ಟಣೆ ಕರಗುತ್ತದೆ ಎಂಬ ಲೆಕ್ಕಾಚಾರವೂ ಸಾಮಾನ್ಯವಾಗಿ ಹುಸಿಯಾಗುತ್ತದೆ, ಏಕೆಂದರೆ ತೆರವಾದ ಜಾಗವನ್ನು ಹೊಸ ವಾಹನಗಳು ತುಂಬುತ್ತವೆ. ಅಂಥ ಕಡೆ ಬಸ್ಸು, ರೈಲು ಮತ್ತು ದಟ್ಟಣೆ ಶುಲ್ಕವನ್ನು, ಅಂದರೆ ವಾಹನದಟ್ಟಣೆಯ ಪ್ರದೇಶಕ್ಕೆ ಬರುವ ವಾಹನಗಳಿಂದ ಪಡೆಯುವ ಹಣವನ್ನು, ಪರಿಗಣಿಸಬೇಕು. 2006ರಲ್ಲಿ ಪ್ರಾಯೋಗಿಕವಾಗಿ ಈ ಶುಲ್ಕ ವಿಧಿಸಿದ ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ನಗರಕೇಂದ್ರವನ್ನು ಪ್ರವೇಶಿಸುವ ವಾಹನಸಂಚಾರ ಸುಮಾರು ಶೇ. 20ರಷ್ಟು ಇಳಿಯಿತು.

ಹಣದ ಮೂಲವನ್ನು ಮೊದಲೇ ಭದ್ರಪಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಪ್ರತಿ ಗ್ಯಾಲನ್ ಪೆಟ್ರೋಲಿನ ಮೇಲಿನ ಒಕ್ಕೂಟ (ಕೇಂದ್ರ) ಸರ್ಕಾರದ ತೆರಿಗೆ 1993ರಿಂದ 18.4 ಸೆಂಟ್‌ನಲ್ಲೇ ನಿಂತಿರುವುದರಿಂದ, ಬೆಲೆ ಏರಿದಂತೆಲ್ಲ ಅದರ ಕೊಳ್ಳುವ ಶಕ್ತಿ ಕರಗುತ್ತ ಬಂದಿದೆ. ತೆರಿಗೆಯನ್ನು ನಿರ್ಮಾಣ ವೆಚ್ಚದ ಸೂಚ್ಯಂಕಕ್ಕೆ ಜೋಡಿಸುವುದು, ಭಾರಿ ವಾಹನಗಳಿಂದ ತೂಕ ಮತ್ತು ದೂರಕ್ಕೆ ತಕ್ಕಂತೆ ಶುಲ್ಕ ಪಡೆಯುವುದು ಹೆಚ್ಚು ನ್ಯಾಯಯುತ. ಸಾಲವನ್ನು ದೀರ್ಘಕಾಲ ಬಾಳುವ ನಿರ್ಮಾಣಕ್ಕೆ ಮಾತ್ರ ಎತ್ತಬೇಕು, ವರ್ಷವರ್ಷದ ದುರಸ್ತಿಗೆ ಎತ್ತಬಾರದು.

ಕಾಮಗಾರಿ ಮುಗಿದು ಒಂದು ವರ್ಷವಾದ ಮೇಲೆ, ಅದೇ ಗೇಟಿನಿಂದ ಹೊರಡುವ ಲಾರಿಯನ್ನು ಅದೇ ಹಾಳೆ ಹಿಡಿದು ಮತ್ತೆ ಹಿಂಬಾಲಿಸಿ, ಹಳೆಯ ನಿಮಿಷಗಳ ಪಕ್ಕದಲ್ಲಿ ಹೊಸ ನಿಮಿಷಗಳನ್ನು ಬರೆದು, ಆ ಹಾಳೆಯನ್ನು ಜನರ ಮುಂದಿಡಬೇಕು.